ಮೊದಲ ಸಲ ಆಫ್‌ರೋಡ್ ಕ್ಯಾಂಪಿಗೆ ಹೊರಟಿದ್ದೇನೆ, ಸಕಲೇಶಪುರದ ಕಡೆ. ತಯಾರಿ ಹೇಗೆ?

ಮೈಸೂರು_ಜಿಮ್ನಿ

ಎಲ್ಲರಿಗೂ ನಮಸ್ಕಾರ. ಜಿಮ್ನಿ (ಮಾರುತಿಯ ಸಣ್ಣ ಫೋರ್ ವೀಲ್ ಗಾಡಿ) ತಗೊಂಡು ಎಂಟು ತಿಂಗಳಾಯಿತು, ಮ್ಯಾನ್ಯುಯಲ್ ಗೇರ್. ಇಲ್ಲಿವರೆಗೆ ಊರೊಳಗೆ, ಹೈವೇ, ಒಂದೆರಡು ಸಲ ಮಾವನವರ ತೋಟದ ದಾರಿ, ಅಷ್ಟೇ. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಡುವ ಫೋರ್ ವೀಲ್ ಲಿವರ್ ಒಂದೇ ಸಲ ಹಾಕಿ ನೋಡಿದ್ದೇನೆ.

ನವೆಂಬರ್ ಕೊನೆಯ ಶನಿವಾರ, ಭಾನುವಾರ ನಮ್ಮ ಗೆಳೆಯರ ಗುಂಪು ಸಕಲೇಶಪುರದ ಹತ್ತಿರದ ಒಂದು ಕಾಫಿ ಎಸ್ಟೇಟಿಗೆ ಹೊರಟಿದೆ. ಮಾಲೀಕರ ಒಪ್ಪಿಗೆ ಸಿಕ್ಕಿದೆ. ಒಟ್ಟು ಏಳು ಗಾಡಿ, ಅದರಲ್ಲಿ ಐದು ಜನ ಪಳಗಿದವರು, ನಾನು ಮತ್ತು ಇನ್ನೊಬ್ಬರು ಹೊಸಬರು. ಶನಿವಾರ ಇಡೀ ದಿನ ಟ್ರೇಲ್ (ಕಚ್ಚಾ ದಾರಿಯ ಓಡಾಟ), ರಾತ್ರಿ ಅಲ್ಲೇ ಟೆಂಟ್. ಹೆಂಡತಿ ಮತ್ತು ಒಂಬತ್ತು ವರ್ಷದ ಮಗಳೂ ಬರುತ್ತಾರೆ.

ವಿಡಿಯೋ ನೋಡ್ತಾ ನೋಡ್ತಾ ವಿಂಚ್ (ಸಿಕ್ಕಿಕೊಂಡ ಗಾಡಿ ಎಳೆಯುವ ಯಂತ್ರ), ಮಡ್ ಟೈರ್, ಸ್ನಾರ್ಕೆಲ್ (ಎಂಜಿನ್‌ಗೆ ಎತ್ತರದಿಂದ ಗಾಳಿ ಎಳೆಯುವ ಕೊಳವೆ), ಮೇಲಿನ ಲೈಟು ಅಂತ ಬರೆದ ಪಟ್ಟಿ ಒಂದು ಲಕ್ಷ ದಾಟಿತು. ನನ್ನ ಕೈಯಲ್ಲಿ ಈಗ ಇರೋದು ಇಪ್ಪತ್ತು ಸಾವಿರ. ಅದರಲ್ಲಿ ಮೊದಲು ಏನು ತಗೋಬೇಕು? ಇನ್ನೊಂದು, ನನ್ನ ಗಾಡಿ ಎಲ್ಲಾದರೂ ಸಿಕ್ಕಿಹಾಕಿಕೊಂಡು ಎಲ್ಲರ ದಿನ ಹಾಳಾದರೆ ಅನ್ನೋ ಭಯ ಇದೆ. ಮಗಳ ವಿಚಾರದಲ್ಲಂತೂ ಆನೆ, ಇಂಬಳ, ಚಳಿ ಎಲ್ಲಾ ಒಟ್ಟಿಗೆ ತಲೆಗೆ ಬರುತ್ತದೆ. ದಯವಿಟ್ಟು ಅನುಭವ ಇದ್ದವರು ಹೇಳಿ.

ಹಾಸನ_ಥಾರ್

ಸ್ವಾಗತ ಸರ್. ಮೊದಲು ಆ ಪಟ್ಟಿ ಪಕ್ಕಕ್ಕಿಡಿ. ವಿಂಚ್ ಬೇಡ, ಸ್ನಾರ್ಕೆಲ್ ಬೇಡ. ನಿಮ್ಮ ಕಂಪನಿ ಟೈರ್ ಸವೆದಿಲ್ಲದಿದ್ದರೆ ಅದೇ ಸಾಕು. ಗುಂಪಿನಲ್ಲಿ ಐದು ಅನುಭವಿ ಗಾಡಿ ಇದೆ ಅಂದರೆ ಒಬ್ಬರ ಹತ್ತಿರವಾದರೂ ವಿಂಚ್ ಇದ್ದೇ ಇರುತ್ತದೆ. ಸಿಕ್ಕಿಹಾಕಿಕೊಳ್ಳುವುದು ಇದರಲ್ಲಿ ತಪ್ಪೇ ಅಲ್ಲ. ಎಲ್ಲರೂ ಸಿಕ್ಕಿಹಾಕಿಕೊಂಡವರೇ, ಎಳೆಯುವುದೂ ಆ ದಿನದ ಕೆಲಸವೇ. ನಿಮ್ಮಿಂದ ಬೇಕಾಗಿರೋದು ಒಂದೇ: ಹಗ್ಗ ಕಟ್ಟಬೇಕಾದಾಗ ಗಾಡಿಯ ಯಾವ ಜಾಗಕ್ಕೆ ಕಟ್ಟಬೇಕು ಅಂತ ನಿಮಗೆ ಗೊತ್ತಿರಬೇಕು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಹೊಸಬರು ಎಡವೋದು ಇಲ್ಲೇ. ಗಾಡಿಯ ಕೆಳಗೆ ಹಲವು ಕಣ್ಣು, ಕೊಕ್ಕೆ ಕಾಣುತ್ತವೆ. ಅದರಲ್ಲಿ ಕೆಲವು ಲಾರಿ ಮೇಲೆ ಗಾಡಿ ಸಾಗಿಸುವಾಗ ಬಿಗಿಯಲು ಮಾತ್ರ ಇಟ್ಟಿರುವಂಥವು. ಕೆಸರಿನಿಂದ ಎಳೆಯುವ ಜೋರಿಗೆ ಅವು ಕಿತ್ತು ಬರುತ್ತವೆ. ಟ್ರೇಲರ್ ಸಿಕ್ಕಿಸುವ ಗುಂಡು ಇದೆಯಲ್ಲ, ಅದಕ್ಕಂತೂ ಯಾವತ್ತೂ ಹಗ್ಗ ಹಾಕಬೇಡಿ. ಅದು ಮುರಿದರೆ ಬಾಂಬಿನ ಹಾಗೆ ಹಾರುತ್ತದೆ. ಈ ವಾರವೇ ಗಾಡಿ ಕೆಳಗೆ ಬಗ್ಗಿ, ಪಕ್ಕದಲ್ಲಿ ಮ್ಯಾನ್ಯುಯಲ್ ತೆರೆದಿಟ್ಟುಕೊಂಡು, ಮುಂದೆ ಒಂದು ಹಿಂದೆ ಒಂದು ಸರಿಯಾದ ಕೊಕ್ಕೆ ಕೈಯಿಂದ ಮುಟ್ಟಿ ನೋಡಿ.

ಕೊಳ್ಳಬೇಕಾದ್ದು: ಒಂದು ಒಳ್ಳೆ ಕೈನೆಟಿಕ್ ಹಗ್ಗ (ಅದು ಸ್ವಲ್ಪ ಹಿಗ್ಗುತ್ತದೆ, ಹಾಗಾಗಿ ಎಳೆತದ ಝಟ್ಕಾ ಗಾಡಿಗೆ ಬೀಳುವುದಿಲ್ಲ, ಚೈನ್ ಹಾಗಲ್ಲ), 4.75 ಟನ್ ಅಂತ ಮೈಮೇಲೆ ಅಚ್ಚು ಇರುವ ಎರಡು ಶ್ಯಾಕಲ್ (ಹಗ್ಗವನ್ನು ಕೊಕ್ಕೆಗೆ ಸಿಕ್ಕಿಸುವ ಕಬ್ಬಿಣದ ಕೊಂಡಿ), ಟೈರ್ ಪ್ರೆಶರ್ ಗೇಜ್, ಮತ್ತು ಗಾಳಿ ತುಂಬುವ 12 ವೋಲ್ಟ್ ಕಂಪ್ರೆಸರ್. ಕಂಪ್ರೆಸರ್ ಬ್ಯಾಟರಿಗೆ ನೇರ ಕ್ಲಿಪ್ ಹಾಕುವಂಥದ್ದೇ ಇರಲಿ. ದೊಡ್ಡ ಕಂಪ್ರೆಸರನ್ನು ಲೈಟರ್ ಸಾಕೆಟ್ಟಿಗೆ ಹಾಕಿದರೆ ಫ್ಯೂಸ್ ಹೋಗುತ್ತದೆ. ಬಿಟ್ಟರೆ ಒಂದು ಜೊತೆ ದಪ್ಪ ಕೈಗವಸು.

ಗಾಳಿ ಯಾಕೆ ಅಂದರೆ, ಟ್ರೇಲ್ ಶುರುವಿನಲ್ಲಿ ಎಲ್ಲರೂ ಟೈರಿನ ಗಾಳಿ ಇಳಿಸುತ್ತಾರೆ. ಮೆತ್ತಗಾದ ಟೈರ್ ನೆಲಕ್ಕೆ ಜಾಸ್ತಿ ಅಂಟುತ್ತದೆ, ಕಲ್ಲಿನ ಮೇಲೆ ಪುಟಿಯದೆ ಅದನ್ನು ಅಪ್ಪಿಕೊಂಡು ಹೋಗುತ್ತದೆ. ಸಾವಿರಾರು ರೂಪಾಯಿ ಟೈರ್ ಕೊಡುವುದರಲ್ಲಿ ಅರ್ಧ ಹಿಡಿತ ಬರೀ ಗಾಳಿ ಇಳಿಸಿದರೆ ಪುಕ್ಕಟೆ ಸಿಗುತ್ತದೆ. ಆದರೆ ಮೊದಲ ಸಲಕ್ಕೆ 20 ಪಿಎಸ್‌ಐಗಿಂತ ಕೆಳಗೆ ಹೋಗಬೇಡಿ. ತುಂಬಾ ಇಳಿಸಿದರೆ ತಿರುವಿನಲ್ಲಿ ಟೈರು ರಿಮ್ ಬಿಟ್ಟು ಹೊರಗೆ ಬರುತ್ತದೆ. ವಾಪಸ್ ಟಾರ್ ರೋಡ್ ಹತ್ತುವ ಮುಂಚೆ ಬಾಗಿಲ ಪಕ್ಕದ ಸ್ಟಿಕ್ಕರಿನಲ್ಲಿ ಇರುವಷ್ಟು ತುಂಬಿಸಿ. ಟಾರ್ ರೋಡಲ್ಲಿ 4H (ಫೋರ್ ವೀಲಿನ ಮಾಮೂಲಿ ವೇಗದ ಹಂತ) ಹಾಕಿ ಓಡಿಸಲೂ ಬೇಡಿ, ನಿಮ್ಮ ಗಾಡಿಯಲ್ಲಿ ನಡುವಿನ ಡಿಫರೆನ್ಶಿಯಲ್ (ತಿರುವಿನಲ್ಲಿ ಮುಂದಿನ, ಹಿಂದಿನ ಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಭಾಗ) ಇಲ್ಲ, ತಿರುವುಗಳಲ್ಲಿ ಗೇರ್ ಹಲ್ಲುಗಳ ಮೇಲೆ ಸುಮ್ನೆ ಒತ್ತಡ ಬೀಳುತ್ತದೆ.

ಸ್ಟೀರಿಂಗ್ ಹಿಡಿಯುವ ಬಗ್ಗೆ ಒಂದು ಮಾತು. ಹೆಬ್ಬೆರಳು ಒಳಗೆ ಸುತ್ತಿ ಹಿಡಿಯಬೇಡಿ, ಚಕ್ರದ ಅಂಚಿನ ಮೇಲೆ ಮಲಗಿಸಿ ಇಡಿ. 2021ರಲ್ಲಿ ಮಳೆ ನಿಂತ ಮಾರನೇ ದಿನ ಒಂದು ಕೆಂಪು ನೀರಿನ ಗುಂಡಿಗೆ ನಿಧಾನಕ್ಕೆ ಇಳಿದೆ. ನೀರೊಳಗೆ ಕಲ್ಲು ಇರೋದು ಕಾಣಲಿಲ್ಲ. ಎಡ ಮುಂದಿನ ಚಕ್ರ ಅದಕ್ಕೆ ಬಡಿದು ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡು ಅರ್ಧ ಸುತ್ತು ತಿರುಗಿತು. ಅದರ ಕಡ್ಡಿ ಹೆಬ್ಬೆರಳಿನ ಬುಡಕ್ಕೆ ಬಡಿದಿದ್ದು. ಮುರಿಯಲಿಲ್ಲ, ಆದರೆ ಮೂರು ವಾರ ಅನ್ನ ಕಲಸಲು ಆಗಲಿಲ್ಲ.

ಮೂಡಿಗೆರೆ_ತೋಟ

ನಾನು ಎಸ್ಟೇಟ್ ಕಡೆಯವನು, ಆ ಕಡೆಯಿಂದ ನಾಲ್ಕು ಮಾತು.

ನವೆಂಬರ್ ಕೊನೆ ಅಂದರೆ ಅರೇಬಿಕಾ ಹಣ್ಣು ಕುಯ್ಯುವ ಕಾಲ. ಬೆಳಿಗ್ಗೆ ಆಳುಗಳು ಅದೇ ದಾರಿಯಲ್ಲಿ ನಡೆದು ಬರುತ್ತಾರೆ, ಸಂಜೆ ಹಣ್ಣಿನ ಮೂಟೆ ಹೊತ್ತ ಟ್ರ್ಯಾಕ್ಟರ್, ಪಿಕಪ್ ಬರುತ್ತವೆ. ಅವರಿಗೆ ದಾರಿ ಬಿಡಿ, ಪಕ್ಕಕ್ಕೆ ನಿಂತು ಎಂಜಿನ್ ಆಫ್ ಮಾಡಿ. ಕಣದಲ್ಲಿ ಕಾಫಿ ಹರಡಿರುತ್ತದೆ, ಖಾಲಿ ಜಾಗ ಕಂಡಿತು ಅಂತ ಅಲ್ಲಿ ಗಾಡಿ ತಿರುಗಿಸಬೇಡಿ. ನೆಲದ ಮೇಲೆ ಓಡಿರುವ ಕಪ್ಪು ನೀರಿನ ಪೈಪಿನ ಮೇಲೂ ಹತ್ತಿಸಬೇಡಿ. ಹೋದ ತಕ್ಷಣ ತೋಟದ ಉಸ್ತುವಾರಿ ನೋಡುವ ರೈಟರ್‌ನ ಭೇಟಿ ಮಾಡಿ, ಫೋನ್ ನಂಬರ್ ತಗೊಳ್ಳಿ. ಯಾವ ಗೇಟ್ ತೆರೆದಿಡಬೇಕು, ಯಾವುದು ಮುಚ್ಚಬೇಕು ಅಂತ ಗೊತ್ತಿರೋದು ಅವರಿಗೇ. ಟ್ರೇಲಿನ ಕೊನೆ ಎಲ್ಲಿ, ಕಾಡಿನ ಗಡಿ ಎಲ್ಲಿ ಅಂತಲೂ ಅವರನ್ನೇ ಕೇಳಿ. ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ಗಾಡಿ ನುಗ್ಗಿಸಿದರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಕೇಸ್ ಆಗುತ್ತದೆ, ಮಾಲೀಕರಿಗೂ ತೊಂದರೆ.

ಆನೆ ವಿಚಾರ ಮುಚ್ಚಿಡುವುದಿಲ್ಲ. ಸಕಲೇಶಪುರ, ಆಲೂರು, ಬೇಲೂರು ಕಡೆ ಆನೆಗಳು ಈಗ ಎಸ್ಟೇಟ್ ಒಳಗೇ ಹಗಲು ಕಳೆಯುತ್ತವೆ. ಗದ್ದೆ ಕೊಯ್ಲಿನ ಹೊತ್ತಲ್ಲಿ ಇನ್ನೂ ಜಾಸ್ತಿ. ಯಾವ ತೋಟದಲ್ಲಿ ಆನೆ ಇದೆ ಅಂತ ಊರಿನವರ ವಾಟ್ಸಾಪ್ ಗುಂಪುಗಳಲ್ಲಿ ಬರುತ್ತಾ ಇರುತ್ತದೆ. ಶನಿವಾರ ಬೆಳಿಗ್ಗೆಯೂ ಕೇಳಿ, ಸಂಜೆ ಟೆಂಟ್ ಹಾಕುವ ಮುಂಚೆಯೂ ಕೇಳಿ. ಇದೆ ಅಂದರೆ ಟೆಂಟ್ ಬೇಡ, ಆಳುಗಳ ಲೈನ್ ಮನೆ ಪಕ್ಕವೋ ಬಂಗಲೆ ಅಂಗಳವೋ ಕೇಳಿ ಅಲ್ಲಿ ಮಲಗಿ. ಐಬೆಕ್ಸ್ ಬೇಲಿ ಅಂತ ನಾವು ಕರೆಯೋ ಕರೆಂಟ್ ಬೇಲಿ ಇರುತ್ತದೆ, ಮಗಳಿಗೆ ಮೊದಲೇ ತೋರಿಸಿ, ಮುಟ್ಟಬಾರದು ಅಂತ ಹೇಳಿ. ಕತ್ತಲಾದ ಮೇಲೆ ಯಾರೂ ಒಬ್ಬರೇ ನಡೆದು ಹೋಗಬಾರದು, ಮೂತ್ರಕ್ಕೆ ಹೋದರೂ ಇಬ್ಬರು, ಟಾರ್ಚ್ ಸಮೇತ.

ಇಂಬಳ ಮಳೆಗಾಲದಷ್ಟು ಇರುವುದಿಲ್ಲ, ಒದ್ದೆ ಹಳ್ಳದ ಬದಿ ಸಿಗಬಹುದು. ಕಚ್ಚಿದರೆ ಕೀಳಬೇಡಿ, ಉಪ್ಪು ಅಥವಾ ಸುಣ್ಣ ತಾಗಿಸಿದರೆ ತಾನೇ ಬಿಡುತ್ತದೆ. ನನಗೆ ಅದಕ್ಕಿಂತ ಚಿಂತೆ ಉಣುಗಿನದ್ದು, ದನ ನಾಯಿ ಮೈಮೇಲೆ ಕಚ್ಚಿಕೊಂಡಿರುತ್ತದಲ್ಲ, ಅದೇ. ಮಂಗನ ಕಾಯಿಲೆ ಹರಡೋದು ಅದರಿಂದಲೇ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ರೋಗ ಇವತ್ತಿಗೂ ಶಿವಮೊಗ್ಗ, ಉತ್ತರ ಕನ್ನಡ, ನಮ್ಮ ಚಿಕ್ಕಮಗಳೂರು ಜಿಲ್ಲೆಗಳನ್ನು ಬಿಟ್ಟಿಲ್ಲ. ಡಿಸೆಂಬರಿಂದ ಮೇ ತನಕ ಜಾಸ್ತಿ. ಮಲೆನಾಡಿನಲ್ಲಿ ಎಲ್ಲೇ ಆಗಲಿ ತರಗೆಲೆ ಮೇಲೆ ಕೂರಬೇಡಿ, ಉದ್ದ ಪ್ಯಾಂಟ್ ಹಾಕಿ ಅದನ್ನು ಸಾಕ್ಸ್ ಒಳಗೆ ತೂರಿಸಿ, ರಾತ್ರಿ ಮಗಳ ಮಂಡಿ ಹಿಂದೆ, ಕಿವಿ ಹಿಂದೆ, ಕಂಕುಳು ನೋಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ರೈಟರ್‌ಗೆ ತಿಳಿಸಿ. ಮನೆಗೆ ಬಂದ ಮೇಲೆ ಒಂದೆರಡು ವಾರದಲ್ಲಿ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರಿ ಅಂತ ಡಾಕ್ಟರಿಗೆ ಹೇಳೋದು ಮರೆಯಬೇಡಿ.

ಟೆಂಟ್_ಅಕ್ಕ

ತಮ್ಮಾ, ಮಗಳನ್ನು ಧಾರಾಳವಾಗಿ ಕರೆದುಕೊಂಡು ಹೋಗು. ನನ್ನ ಮಗ ಏಳು ವರ್ಷದಿಂದ ಬರುತ್ತಿದ್ದಾನೆ. ಆದರೆ ಮಕ್ಕಳಿಗೆ ಒಂದು ರಾತ್ರಿ ಚಳಿಯಲ್ಲಿ ನಡುಗಿದ ನೆನಪು ಉಳಿದರೆ ಮತ್ತೆ ಬರುವುದಿಲ್ಲ. ಹಾಗಾಗಿ ದುಡ್ಡಿನಲ್ಲಿ ಸ್ವಲ್ಪ ಉಳಿಸಿ ಮಲಗುವುದಕ್ಕೆ ಹಾಕು.

ಚಳಿ ಬರೋದು ಮೇಲಿಂದ ಅಲ್ಲ, ಕೆಳಗಿಂದ. ನೆಲ ಮೈಯ ಬಿಸಿ ಎಳೆದುಕೊಳ್ಳುತ್ತದೆ. ಮೂರು ಕಂಬಳಿ ಹೊದ್ದರೂ ಕೆಳಗೆ ತೆಳ್ಳನೆ ಬೆಡ್‌ಶೀಟ್ ಇದ್ದರೆ ಮೂರು ಗಂಟೆಗೆ ಎಚ್ಚರ ಆಗುತ್ತದೆ. ಅದಕ್ಕೇ ದಪ್ಪ ಫೋಮ್ ಮ್ಯಾಟ್ ಮೊದಲು, ಸ್ಲೀಪಿಂಗ್ ಬ್ಯಾಗ್ ಆಮೇಲೆ. ಮಗಳಿಗೆ ಮಲಗಲು ಬೇರೆ ಒಣ ಬಟ್ಟೆ, ಬೇರೆ ಸಾಕ್ಸ್, ಕಿವಿ ಮುಚ್ಚುವ ಟೋಪಿ. ಹಗಲು ಹಾಕಿದ ಬಟ್ಟೆಯಲ್ಲಿ ಬೆವರು ಇರುತ್ತದೆ, ಅದರಲ್ಲೇ ಮಲಗಿಸಬೇಡ.

ಮಲೆನಾಡಿನ ಇಬ್ಬನಿ ಮಳೆಯ ಹಾಗೇ. ಬೆಳಿಗ್ಗೆ ಟೆಂಟಿನ ಬಟ್ಟೆ ಮೇಲೆ ಕೈ ಇಟ್ಟರೆ ಅಂಗೈ ಪೂರ್ತಿ ಒದ್ದೆ ಆಗುತ್ತದೆ, ಶೂ ಹೊರಗೆ ಬಿಟ್ಟಿದ್ದರೆ ಒಳಗೆ ನೀರು. ಮೇಲಿನ ಹೊದಿಕೆ ಹಾಕಿಯೇ ಮಲಗಿ, ಟೆಂಟಿನ ಕೆಳಗೆ ಹಾಸುವ ತಾಡಪಾಲು ಟೆಂಟಿಗಿಂತ ಹೊರಗೆ ಚಾಚಬಾರದು, ಚಾಚಿದರೆ ಜಾರಿದ ನೀರೆಲ್ಲಾ ಅದರ ಮೇಲೆ ಬಿದ್ದು ನಿಮ್ಮ ಬೆನ್ನ ಕೆಳಗೇ ಬರುತ್ತದೆ. ಒಣಗಿದ ಕೊಂಬೆ ಇರುವ ಮರದ ಕೆಳಗೆ ಬೇಡ, ಹಳ್ಳದ ತಗ್ಗಿನಲ್ಲಿ ಬೇಡ. ಮತ್ತೆ ಒಂದು, ಇದು ಕೈ ಮುಗಿದು ಹೇಳೋದು: ಎಷ್ಟೇ ಚಳಿ ಆದರೂ ಕೆಂಡದ ಬಾಂಡ್ಲಿ ಟೆಂಟ್ ಒಳಗೆ ಇಡಬೇಡಿ. ಆ ಗಾಳಿಗೆ ವಾಸನೆ ಇಲ್ಲ, ಮಲಗಿದವರು ಏಳುವುದೇ ಇಲ್ಲ.

ಅಡುಗೆ ಸರಳ ಇರಲಿ. ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಮನೆಯಿಂದಲೇ. ಬಾಳೆಹಣ್ಣು, ಬೆಲ್ಲ, ಉಳಿದ ಊಟ ಯಾವುದೂ ಟೆಂಟಿನಲ್ಲಿ ಬೇಡ. ನೀರು ಒಬ್ಬರಿಗೆ ದಿನಕ್ಕೆ ಐದು ಲೀಟರ್ ಲೆಕ್ಕ. ಮಗಳಿಗೆ ಗಾಡಿಯಲ್ಲಿ ವಾಂತಿ ಬರುತ್ತಾ? ಟ್ರೇಲಿನಲ್ಲಿ ಗಾಡಿ ಓಲಾಡುವುದು ಘಾಟಿಗಿಂತ ಜೋರು. ಮಾತ್ರೆ ಡಾಕ್ಟರನ್ನು ಕೇಳಿ ತಗೊಂಡಿರು.

ಮೈಸೂರು_ಜಿಮ್ನಿ

ಎಲ್ಲರಿಗೂ ತುಂಬಾ ಧನ್ಯವಾದ. ಅಕ್ಕಾ, ವಾಂತಿ ವಿಚಾರ ನಾವು ಯೋಚನೆಯೇ ಮಾಡಿರಲಿಲ್ಲ, ಅವಳಿಗೆ ಘಾಟಿಯಲ್ಲಿ ಬರುತ್ತದೆ. ಹಾಸನದ ಅಣ್ಣನಿಗೆ ಎರಡು ಪ್ರಶ್ನೆ. ಹಳ್ಳ ದಾಟುವುದು ಇದೆಯಂತೆ, ಎಷ್ಟು ನೀರಿನ ತನಕ ಹೋಗಬಹುದು? ಏರು ಹತ್ತುವಾಗ ನಡುವೆ ಗಾಡಿ ಆಫ್ ಆದರೆ?

ಹಾಸನ_ಥಾರ್

ನೀರು ಮೊದಲು. ನನ್ನ ಥಾರ್‌ಗೆ ಕಂಪನಿ ಹೇಳುವ ಮಿತಿ 650 ಮಿ.ಮೀ., ಆದರೂ ನಾನು ಅಷ್ಟಕ್ಕೆ ಇಳಿಸುವುದಿಲ್ಲ. ನಿಮ್ಮ ಲೆಕ್ಕಕ್ಕೆ ಟೈರಿನ ಅರ್ಧ, ಅಂದರೆ ಸುಮಾರು ಒಂದು ಅಡಿ. ಮೊದಲು ಯಾರಾದರೂ ಕೋಲು ಹಿಡಿದು ನಡೆದು ನೋಡಲಿ. ನಡೆಯಲು ಆಗದಷ್ಟು ಸೆಳೆತ ಇದ್ದರೆ ಗಾಡಿಗೂ ಬೇಡ. ಇಳಿದ ಮೇಲೆ ಒಂದೇ ವೇಗ, ನಡುವೆ ಗೇರ್ ಬದಲಾಯಿಸಬೇಡಿ. ನೀರಿನೊಳಗೆ ಎಂಜಿನ್ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಆ ಒಂದು ಸ್ಟಾರ್ಟಿಗೆ ಎಂಜಿನ್ ಒಳಗಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ಪ್ರೊಟೆಕ್ಷನ್ ಅಂತ ಬೇರೆ ಸೇರಿಸದಿದ್ದರೆ ಸಾಮಾನ್ಯವಾಗಿ ವಿಮೆಯೂ ಅದಕ್ಕೆ ದುಡ್ಡು ಕೊಡುವುದಿಲ್ಲ. ಪಾಲಿಸಿ ತೆಗೆದು ಓದಿ.

ಏರಿಗೆ 4L (ಫೋರ್ ವೀಲಿನ ನಿಧಾನ, ಹೆಚ್ಚು ಬಲದ ಹಂತ), ಮೊದಲನೇ ಅಥವಾ ಎರಡನೇ ಗೇರ್. ಲಿವರ್ 4Lಗೆ ಹಾಕಲು ಗಾಡಿ ನಿಂತಿರಬೇಕು. ಮುಂದಿನ ಗಾಡಿ ಪೂರ್ತಿ ಮೇಲೆ ಹತ್ತುವ ತನಕ ಕೆಳಗೇ ಕಾಯಿರಿ. ನಡುವೆ ಆಫ್ ಆದರೆ ಬ್ರೇಕ್ ಒತ್ತಿ ಹಿಡಿಯಿರಿ, ಗಾಬರಿ ಬೇಡ, ಟೈಮ್ ಇದೆ. ಬ್ರೇಕ್ ಬಿಡದೆ ಕ್ಲಚ್ ಒತ್ತಿ ರಿವರ್ಸ್ ಹಾಕಿ, ಸ್ಟಾರ್ಟ್ ಮಾಡಿ, ಕ್ಲಚ್ ಮೆಲ್ಲಗೆ ಬಿಡುತ್ತಾ ಜೊತೆಗೇ ಬ್ರೇಕ್ ಸಡಿಲಿಸಿ, ಕ್ಲಚ್ ಪೂರ್ತಿ ಬಿಟ್ಟು ಹತ್ತಿದ ದಾರಿಯಲ್ಲೇ ನೇರ ಹಿಂದಕ್ಕೆ ಇಳಿಯಿರಿ, ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಯಾವ ಕಾರಣಕ್ಕೂ ಏರಿನಲ್ಲಿ ಅಡ್ಡ ತಿರುಗಿಸಿಕೊಂಡು ಇಳಿಯುವ ಯೋಚನೆ ಮಾಡಬೇಡಿ. ಗಾಡಿ ಉರುಳುವುದು ಹಾಗೆಯೇ. ಮುಂದಕ್ಕೆ ಇಳಿಯುವ ಇಳಿಜಾರಿನಲ್ಲೂ 4L, ಅದೇ ಮೊದಲನೇ ಅಥವಾ ಎರಡನೇ ಗೇರ್, ಕ್ಲಚ್ ಮೇಲೆ ಕಾಲು ಬೇಡ.

ಹಗ್ಗ ಹಾಕಿ ಎಳೆಯುವಾಗ ಅದರ ನಡುವೆ ಒದ್ದೆ ಗೋಣಿಚೀಲ ಹಾಕಿ, ಮಗಳನ್ನು ಹಗ್ಗದ ಉದ್ದಕ್ಕಿಂತ ದೂರದಲ್ಲಿ, ಪಕ್ಕದಲ್ಲಿ ಅಲ್ಲ, ಬೇರೆ ಗಾಡಿಯೊಳಗೆ ಕೂರಿಸಿ. ಕವಲು ದಾರಿ ಬಂದರೆ ಹಿಂದಿನ ಗಾಡಿ ನಿಮ್ಮನ್ನು ನೋಡುವ ತನಕ ನಿಲ್ಲಿ. ಮೊಬೈಲ್ ಸಿಗ್ನಲ್ ನಂಬಬೇಡಿ. ಮತ್ತೆ ಯಾವುದೇ ಜಾಗ ನೋಡಿ ಮನಸ್ಸಿಗೆ ಆಗಲ್ಲ ಅನ್ನಿಸಿದರೆ ಪಕ್ಕದ ದಾರಿ ಹಿಡಿಯುತ್ತೇನೆ ಅಂತ ಹೇಳಿಬಿಡಿ. ಒಳ್ಳೆ ಗುಂಪು ಅದಕ್ಕೆ ಒಂದು ಮಾತೂ ಆಡುವುದಿಲ್ಲ.

ಮೈಸೂರು_ಜಿಮ್ನಿ

ಇವತ್ತು ಬೆಳಿಗ್ಗೆ ಮಾಡಿದ್ದು ಹೇಳುತ್ತೇನೆ. ಮುಂದಿನ, ಹಿಂದಿನ ಕೊಕ್ಕೆ ಎರಡೂ ಸಿಕ್ಕವು, ಹಿಂದಿನದಕ್ಕೆ ಮಣ್ಣು ಮೆತ್ತಿತ್ತು, ತೊಳೆದೆ. ಮಾವನವರ ತೋಟದ ಏರಿನಲ್ಲಿ ಬೇಕಂತಲೇ ಗಾಡಿ ಆಫ್ ಮಾಡಿ ನೀವು ಹೇಳಿದ ಹಾಗೆ ರಿವರ್ಸಿನಲ್ಲಿ ಆರು ಸಲ ಇಳಿದೆ. ಮೊದಲ ಸಲ ಕಾಲು ನಡುಗಿತು, ಆರನೇ ಸಲಕ್ಕೆ ಮೈ ಹಗುರ ಆಯಿತು. ಗೇಜ್ ನಿನ್ನೆಯೇ ತಂದಿದ್ದೆ. ಮಗಳು ಅದನ್ನು ಹಿಡಿದುಕೊಂಡು ನಾಲ್ಕೂ ಟೈರ್ ನೋಡಿ ಪುಸ್ತಕದಲ್ಲಿ ಬರೆದಳು: 28, 28, 27, 21. ನಾಲ್ಕನೆಯದು ತಪ್ಪಿರಬೇಕು ಅಂತ ನಾನು ಮತ್ತೆ ಇಟ್ಟು ನೋಡಿದೆ, 21ಏ. ಬಲ ಹಿಂದಿನ ಟೈರಿನಲ್ಲಿ ಒಂದು ಸಣ್ಣ ಮೊಳೆ ಕೂತಿದೆ. ನಾಳೆ ಆಫೀಸಿಗೆ ಹೋಗುವ ಮುಂಚೆ ಪಂಚರ್ ಅಂಗಡಿಗೆ.