ದವಡೆ ಕೀಲು ನೋವು: ದಿನಾ ನಿಭಾಯಿಸೋದು ಹೇಗೆ?

ಪ್ರಶ್ನೆ: ವಯಸ್ಸು 24. ಕಿವಿ ಮುಂದಿನ ಕೀಲಲ್ಲಿ ತಿಂಗಳುಗಟ್ಟಲೆಯಿಂದ ನೋವು, ಬಾಯಿ ತೆರೆದರೆ ಟಕ್ ಅನ್ನುತ್ತೆ. ಆಪರೇಷನ್ ಬೇಕಾಗುತ್ತಾ?

ಉತ್ತರ 1: ಬಹುತೇಕರಿಗೆ ಬೇಡ. ಬರೀ ಶಬ್ದ, ನೋವಿಲ್ಲ ಅಂದರೆ ಚಿಕಿತ್ಸೆಯೂ ಬೇಡ. ಹಗಲಲ್ಲಿ ಹಲ್ಲಿಗೆ ಹಲ್ಲು ತಾಗಿರಬಾರದು: ತುಟಿ ಮುಚ್ಚಿ, ನಾಲಿಗೆ ತುದಿ ಮೇಲಿನ ಹಲ್ಲಿನ ಹಿಂದೆ, ಅಂಗುಳಕ್ಕೆ. ಕಂಪ್ಯೂಟರ್ ಮುಂದೆ ಗೊತ್ತಿಲ್ಲದೆ ಕಚ್ಚಿಕೊಂಡಿರ್ತೀವಿ, ಸ್ನಾಯು ಸೋಲೋದು ಅಲ್ಲೇ. ಬಿಸಿನೀರಲ್ಲಿ ಹಿಂಡಿದ ಬಟ್ಟೆಯ ಶಾಖ 15 ನಿಮಿಷ, ದಿನಕ್ಕೆರಡು ಸಲ. ಆಕಳಿಸುವಾಗ ಗದ್ದದ ಕೆಳಗೆ ಮುಷ್ಟಿ ಒತ್ತಿ ಹಿಡಿಯಿರಿ.

ಉತ್ತರ 2: ಚಕ್ಕುಲಿ, ಕಬ್ಬು, ಚೂಯಿಂಗ್ ಗಮ್ ಬಿಡಿ. ನೋವು ಜೋರಿದ್ದಾಗ ಮುದ್ದೆ ಒಳ್ಳೇದು, ಅಗಿಯೋ ಕೆಲಸವೇ ಇಲ್ಲ. ತುತ್ತು ಮಾತ್ರ ಸಣ್ಣದಿರಲಿ.

ಉತ್ತರ 3: ನೈಟ್ ಗಾರ್ಡ್ (ರಾತ್ರಿ ಮಲಗುವಾಗ ಹಲ್ಲಿಗೆ ಹಾಕಿಕೊಳ್ಳೋ ಕವಚ) ಆನ್‌ಲೈನಲ್ಲಿ ತರಿಸಬೇಡಿ. ಮೆತ್ತಗಿದ್ದರೆ ಕೆಲವರು ಇನ್ನೂ ಜೋರಾಗಿ ಕಚ್ತಾರೆ. ಮುಂದಿನ ಹಲ್ಲಿಗಷ್ಟೇ ಕೂರುವಂಥದ್ದು ಕಚ್ಚುವ ಹೊಂದಾಣಿಕೆಯನ್ನೇ ಕೆಡಿಸಬಹುದು. ದಂತವೈದ್ಯರು ಅಚ್ಚು ತೆಗೆದು ಮಾಡೋ ಗಟ್ಟಿ ಅಕ್ರಿಲಿಕ್ಕೇ ಸರಿ. ಟಕ್ ಶಬ್ದ ಇದ್ದಕ್ಕಿದ್ದಂತೆ ನಿಂತು, ಬಾಯಿಗೆ ಎರಡು ಬೆರಳೂ ಹೋಗದಿದ್ದರೆ ಕೀಲಿನ ಡಿಸ್ಕ್ (ಮೂಳೆಗಳ ನಡುವಿನ ಮೆತ್ತೆ) ಸಿಕ್ಕಿಕೊಂಡಿರಬಹುದು, ಆ ವಾರವೇ ತೋರಿಸಿ.