‘ಲಾಂಗ್ ಆರ್ಮ್’ ಸಸ್ಪೆನ್ಷನ್: ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಕೊಲರಾಡೋದ ಕನ್ನಡಿಗರು ತರುವ ಸ್ಮರಣ ಸಂಚಿಕೆಗೆ ಒಂದು ಲೇಖನ ಒಪ್ಪಿಕೊಂಡಿದ್ದೇನೆ. ಎತ್ತರಿಸಿದ ಜೀಪಿಗೆ ‘ಲಾಂಗ್ ಆರ್ಮ್’ ಸಸ್ಪೆನ್ಷನ್ ಹಾಕಿಸಬೇಕೆ, ಹಾಕಿಸುವುದಾದರೆ ಯಾವ ಬಗೆಯದು ಎಂಬುದು ವಿಷಯ. ಚಕ್ರಗಳ ಅಚ್ಚನ್ನು (ಆಕ್ಸಲ್) ಗಾಡಿಯ ಚೌಕಟ್ಟಾದ ಚಾಸಿಗೆ ಹಿಡಿದಿಡುವ ಸರಳುಗಳೇ ಆರ್ಮ್‌ಗಳು, ಅವು ಮಾಮೂಲಿಗಿಂತ ಉದ್ದವಿದ್ದರೆ ‘ಲಾಂಗ್ ಆರ್ಮ್’. ಓದುವವರು ಯೂಟಾದ ಮೋಆಬ್ ಬಂಡೆಗಳ ಮೇಲೆ ರಜಾದಿನಗಳಲ್ಲಿ ಗಾಡಿ ಹತ್ತಿಸುವ ಹವ್ಯಾಸಿಗಳು. ಅವರಿಗೆ ಇಂಗ್ಲಿಷಿನ ಮಾತುಗಳು ಗೊತ್ತು, ಅವುಗಳ ಹಿಂದಿನ ಕೆಲಸ ಎಲ್ಲರಿಗೂ ಗೊತ್ತಿಲ್ಲ. ಕೆಲಸವನ್ನು ಬಿಡಿಸಿ ಹೇಳಲು ಹೊರಟಾಗ ಪದಗಳೇ ಕಾಲಿಗೆ ಅಡ್ಡ ಬಂದವು. ಆದ್ದರಿಂದ ಈ ಓಲೆ.

ಮೊದಲು ‘ಸಸ್ಪೆನ್ಷನ್’, ಅಂದರೆ ಗಾಡಿಯ ಒಡಲನ್ನು ಚಕ್ರಗಳ ಮೇಲೆ ಹೊರುವ ಸ್ಪ್ರಿಂಗು, ಸರಳುಗಳ ಏರ್ಪಾಡು. ನಮ್ಮ ಪತ್ರಿಕೆಗಳಲ್ಲಿ ಇದು ಅಧಿಕಾರಿಯ ಅಮಾನತು. ರಸಾಯನಶಾಸ್ತ್ರದ ಪಠ್ಯದಲ್ಲಿ ನಿಲಂಬನ. ಸೇತುವೆಯಾದರೆ ತೂಗುಸೇತುವೆ. ಹಳೆಯ ಸಾರೋಟುಗಳ ಒಡಲನ್ನು ಚರ್ಮದ ಪಟ್ಟಿಗಳಿಂದ ನಿಜವಾಗಿಯೇ ತೂಗುಹಾಕುತ್ತಿದ್ದರು, ಹಾಗಾಗಿ ಆ ಕಾಲಕ್ಕೆ ಇಂಗ್ಲಿಷಿನ ಹೆಸರು ಹೊಂದುತ್ತಿತ್ತು. ಈಗಿನ ಜೀಪಿನ ಒಡಲು ಸ್ಪ್ರಿಂಗಿನ ಮೇಲೆ ಕೂತಿದೆ, ತೂಗುತ್ತಿಲ್ಲ. ‘ತೂಗುವ್ಯವಸ್ಥೆ’ ಎಂದು ಬರೆದರೆ ಓದುಗನ ಕಣ್ಣಿಗೆ ತೊಟ್ಟಿಲು ಬಂದೀತು. ಗ್ಯಾರೇಜಿನಲ್ಲಿ ಎಲ್ಲರೂ ಸಸ್ಪೆನ್ಷನ್ ಎಂದೇ ಹೇಳುವುದರಿಂದ ಅದನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಇದರಲ್ಲಿ ನನಗೆ ಜಗಳವಿಲ್ಲ.

‘ಲಿಫ್ಟ್ ಮಾಡಿದ ಗಾಡಿ’ಯಲ್ಲಿ ಸ್ವಲ್ಪ ಜಗಳವಿದೆ. ಲಿಫ್ಟ್ ಎಂದರೆ ಮಹಡಿ ಹತ್ತುವುದು, ಇಲ್ಲವೇ ದಾರಿಯಲ್ಲಿ ಯಾರಿಗೋ ಕೊಡುವುದು. ‘ಎತ್ತಿದ ಗಾಡಿ’ ಎಂದರೆ ಕಳ್ಳ ಎತ್ತಿಕೊಂಡು ಹೋದದ್ದೂ ಆಗಬಹುದು, ಅವಸರದಲ್ಲಿ ಓದುವವನಿಗೆ ಎತ್ತಿನ ಗಾಡಿಯೂ ಆಗಬಹುದು. ‘ಎತ್ತರಿಸಿದ’ ಎಂಬುದು ನಿರುಪದ್ರವಿ. ‘ನಾಲ್ಕು ಇಂಚು ಎತ್ತರಿಸಿದ ಜೀಪು’ ಎಂದರೆ ಯಾರಿಗೂ ಅನುಮಾನ ಉಳಿಯದು.

ಈಗ ನಿಜವಾದ ತೊಡಕು: ‘ಲಾಂಗ್ ಆರ್ಮ್’. ನೇರವಾಗಿ ‘ಉದ್ದ ತೋಳಿನ ಸಸ್ಪೆನ್ಷನ್’ ಎಂದರೆ ಅಂಗಿ ನೆನಪಾಗುತ್ತದೆ. ಕರಡನ್ನು ಓದಿದ ಗೆಳೆಯರೊಬ್ಬರು ‘ಆಜಾನುಬಾಹು ಜೀಪು’ ಎಂದು ಸೂಚಿಸಿದರು. ತಮಾಷೆಗೆ ಚೆನ್ನ. ಆದರೆ ನನ್ನ ಆಕ್ಷೇಪ ನಗೆಯ ಬಗ್ಗೆ ಅಲ್ಲ. ‘ಉದ್ದ’ ಎಂದೊಡನೆ ಓದುಗ, ತೋಳು ಉದ್ದವಾದಷ್ಟೂ ಚಕ್ರ ಹೆಚ್ಚು ಕೆಳಗೆ ಚಾಚುತ್ತದೆ, ಅದೇ ಇದರ ಲಾಭ ಎಂದು ತಿಳಿಯುತ್ತಾನೆ. ಇಂಗ್ಲಿಷ್ ಬಲ್ಲ ಹವ್ಯಾಸಿಗಳೂ ಹೀಗೆಯೇ ತಿಳಿದು ದುಡ್ಡು ಸುರಿದದ್ದನ್ನು ಕಂಡಿದ್ದೇನೆ. ಚಕ್ರ ಎಷ್ಟು ಕೆಳಗಿಳಿಯಬೇಕೆಂಬುದನ್ನು ಮುಖ್ಯವಾಗಿ ತೀರ್ಮಾನಿಸುವುದು ಶಾಕ್ ಅಬ್ಸಾರ್ಬರಿನ ಮತ್ತು ಸ್ಪ್ರಿಂಗಿನ ಉದ್ದ. ಆರ್ಮ್ ಉದ್ದವಾಗುವುದು ಓರೆಯನ್ನು ತಗ್ಗಿಸಲಿಕ್ಕಾಗಿ.

ಓರೆ ಎಂದರೆ ಯಾವುದರ ಓರೆ? 1997ರಿಂದ 2006ರವರೆಗೆ ಬಂದ ಜೀಪ್ ರ‍್ಯಾಂಗ್ಲರ್ ಟಿಜೆಯನ್ನು ತೆಗೆದುಕೊಳ್ಳಿ. ಅದಕ್ಕಿಂತ ಹಿಂದಿನ ಮಾದರಿಯಾದ ವೈಜೆಯಲ್ಲಿ ಪಟ್ಟಿ ಸ್ಪ್ರಿಂಗ್ ಇತ್ತು. ಅಚ್ಚನ್ನು ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಕೆಲಸವನ್ನೂ ಪಟ್ಟಿಯೇ ಮಾಡುತ್ತಿತ್ತು. ಟಿಜೆಗೆ ಸುರುಳಿ ಸ್ಪ್ರಿಂಗ್ ಬಂತು. ಸುರುಳಿಗೆ ಭಾರ ಹೊರುವುದಷ್ಟೇ ಗೊತ್ತು, ಅಚ್ಚನ್ನು ಹಿಡಿದಿಡಲು ಬಾರದು. ಅದಕ್ಕಾಗಿ ಪ್ರತಿ ಅಚ್ಚಿನಿಂದ ಚಾಸಿಗೆ ಮೇಲೆರಡು, ಕೆಳಗೆರಡು ಸರಳುಗಳನ್ನು ಕಟ್ಟಿದರು. ಅವೇ ಕಂಟ್ರೋಲ್ ಆರ್ಮ್‌ಗಳು. ಮುಂದಿನವು ಅಚ್ಚಿನಿಂದ ಹಿಂದಕ್ಕೆ ಬಂದು ಚಾಸಿ ಸೇರುತ್ತವೆ, ಹಿಂದಿನವು ಮುಂದಕ್ಕೆ ಬಂದು ಸೇರುತ್ತವೆ. ಪಕ್ಕಕ್ಕೆ ಸರಿಯದಂತೆ ಅಡ್ಡಲಾಗಿ ಟ್ರ್ಯಾಕ್ ಬಾರ್ ಎಂಬ ಇನ್ನೊಂದು ಸರಳು.

ಕಾರ್ಖಾನೆಯಿಂದ ಬಂದಾಗ ಕೆಳಗಿನ ಆರ್ಮ್ ನೆಲಕ್ಕೆ ಬಹುಮಟ್ಟಿಗೆ ಸಮಾಂತರ, ಉದ್ದ ಸುಮಾರು 16 ಇಂಚು. ಗಾಡಿಯನ್ನು 4 ಇಂಚು ಎತ್ತರಿಸಿದರೆ ಆರ್ಮ್‌ನ ಚಾಸಿ ಕಡೆಯ ತುದಿ ಮೇಲೆ ಹೋಯಿತು, ಅಚ್ಚಿನ ಕಡೆಯ ತುದಿ ಅಲ್ಲೇ ಉಳಿಯಿತು. 14 ಡಿಗ್ರಿಗಿಂತ ಹೆಚ್ಚು ಓರೆ ಬಂತು. ಅದೇ ಆರ್ಮ್ 32 ಇಂಚು ಇದ್ದಿದ್ದರೆ ಓರೆ 7 ಡಿಗ್ರಿಯ ಆಸುಪಾಸು. ಆ ನಿಲುವಿನಿಂದ ಚಕ್ರ ಇನ್ನೂ 4 ಇಂಚು ಕೆಳಗಿಳಿದರೆ, ಚಿಕ್ಕ ಆರ್ಮ್ ಅಚ್ಚನ್ನು ಒಂದೂವರೆ ಇಂಚಿಗೂ ಮಿಕ್ಕಿ ಗಾಡಿಯ ನಡುವಿನತ್ತ ಎಳೆದುಕೊಳ್ಳುತ್ತದೆ. ಉದ್ದನೆಯದು ಮುಕ್ಕಾಲು ಇಂಚು ಎಳೆಯುತ್ತದೆ. ಮುಂದಿನ ಅಚ್ಚು ಹಿಂದಕ್ಕೆ, ಹಿಂದಿನದು ಮುಂದಕ್ಕೆ. ಎರಡು ಅಚ್ಚುಗಳ ನಡುವೆ 93.4 ಇಂಚು ಮಾತ್ರ ಇರುವ ಗಾಡಿಗೆ ಇದು ಸಣ್ಣ ವಿಷಯವಲ್ಲ.

ಇನ್ನೊಂದು ಪರಿಣಾಮವನ್ನು ಹೇಳಲು ನನಗೆ ಇನ್ನೂ ಒಳ್ಳೆಯ ವಾಕ್ಯ ಸಿಕ್ಕಿಲ್ಲ. ಆರ್ಮ್ ಕಡಿದಾಗಿದ್ದಾಗ ಮುಂದಿನ ಚಕ್ರ ಬಂಡೆಗೆ ಬಡಿದರೆ, ಅದು ಮೇಲೇರಲು ಬಂಡೆಯ ಕಡೆಗೇ ಮುಂದೊತ್ತಬೇಕು, ಏಕೆಂದರೆ ಆರ್ಮ್ ಬರೆಯುವ ಕಂಸದ ದಾರಿ ಅದು. ಬಂಡೆ ಬಿಡುವುದಿಲ್ಲ. ಏಟು ನೇರ ಚಾಸಿಗೆ, ಅಲ್ಲಿಂದ ಕೂತವನ ಬೆನ್ನಿಗೆ. ಸ್ಪ್ರಿಂಗ್ ಮೆತ್ತಗಿದ್ದರೂ ಗಾಡಿ ಗಟ್ಟಿಯಾಗಿ ಕುಕ್ಕುವುದು ಇದರಿಂದ. ಹಿಂದಿನ ಆರ್ಮ್‌ಗಳು ಕಡಿದಾಗಿದ್ದರೆ, ಏರು ಹತ್ತುವಾಗ ಎಂಜಿನಿನ ಬಲವೇ ಹಿಂಭಾಗವನ್ನು ಮೇಲಕ್ಕೆ ನೂಕಬಹುದು.

ಆದ್ದರಿಂದ ‘ಲಾಂಗ್’ ಎಂಬುದರ ತಿರುಳು ‘ಕಡಿದಲ್ಲದ, ಒರಗಿದ’ ಎಂಬುದು. ‘ಉದ್ದ’ ಸಾಧನ, ‘ಒರಗು’ ಫಲ. ಹೆಸರಿನಲ್ಲಿ ಯಾವುದನ್ನು ಹಿಡಿಯಬೇಕು? ನನ್ನ ಒಲವು ಸಾಧನದ ಕಡೆಗೇ. ಅಂಗಡಿಯಲ್ಲಿ ಕೊಳ್ಳುವ ವಸ್ತುವಿನ ಹೆಸರು ಅದು, ಫಲವನ್ನು ಲೇಖನ ವಿವರಿಸುತ್ತದೆ. ಆದರೆ ‘ತೋಳು’ ಬೇಡ, ‘ಕೋಲು’ ಇರಲಿ. ಸನ್ನೆಕೋಲು, ಅಳತೆಗೋಲು, ಊರುಗೋಲುಗಳ ಸಾಲಿನಲ್ಲಿ ‘ಹಿಡಿಗೋಲು’ ಕಂಟ್ರೋಲ್ ಆರ್ಮಿಗೆ ಒಪ್ಪುತ್ತದೆಯೆ? ಅಚ್ಚನ್ನು ಹಿಡಿಯುವ ಕೋಲು ಎಂಬುದು ನನ್ನ ಉದ್ದೇಶ. ಕೈಯಲ್ಲಿ ಹಿಡಿಯುವ ಕೋಲು ಎಂಬ ಅರ್ಥ ಮೊದಲು ಹೊಳೆದರೆ ಹೇಳಿ, ಬಿಟ್ಟುಬಿಡುತ್ತೇನೆ. ಪಾರಿಭಾಷಿಕ ಪಟ್ಟಿಗಳ ಧಾಟಿಯಲ್ಲಿ ‘ನಿಯಂತ್ರಣ ಬಾಹು’ ಎನ್ನಬಹುದು, ಆದರೆ ಅದು ಪೊಲೀಸ್ ಇಲಾಖೆಯ ಘಟಕದಂತೆ ಕೇಳಿಸುತ್ತದೆ.

‘ಅಚ್ಚು’ ಬಗ್ಗೆಯೂ ಒಂದು ಮಾತು. ಮುದ್ರಣದ ಅಚ್ಚು, ಬೆಲ್ಲದ ಅಚ್ಚು ಇರುವಾಗ ಗೊಂದಲವಾಗದೆ? ಬಂಡಿಯ ವಿಷಯದಲ್ಲಿ ‘ಇರಸು’ ಎಂಬ ಮಾತೂ ಇದೆ. ಕೇಳಲು ಚೆಂದ, ಆದರೆ ಅದು ಚಕ್ರದ ನಡುವಿನ ಸರಳು ಮಾತ್ರ. ಜೀಪಿನದು ಒಳಗೆ ಹಲ್ಲುಗಾಲಿಗಳನ್ನೂ ತಿರುಗುವ ದಂಡಗಳನ್ನೂ ಇಟ್ಟುಕೊಂಡ ಕೊಳವೆ. ನಾನು ಅಚ್ಚು ಎಂದೇ ಬರೆದಿದ್ದೇನೆ, ಸಂದರ್ಭ ಕಾಪಾಡುತ್ತದೆ ಎಂಬ ಧೈರ್ಯದಿಂದ.

ಬಗೆಗಳ ಹೆಸರು ಇನ್ನೂ ಕಷ್ಟ. ಚಿಕ್ಕ ಆರ್ಮ್‌ಗಳನ್ನೇ ಉಳಿಸಿಕೊಂಡು ಅವುಗಳ ಚಾಸಿ ಕಡೆಯ ತುದಿಯನ್ನು ಕೆಳಗಿಳಿಸುವ ‘ಡ್ರಾಪ್ ಬ್ರಾಕೆಟ್’ ಇದೆ (ಬ್ರಾಕೆಟ್ ಎಂದರೆ ಆರ್ಮ್ ಸಿಕ್ಕಿಸುವ ಉಕ್ಕಿನ ಹಿಡಿಕೆ). ಓರೆ ಸರಿಯಾಗುತ್ತದೆ, ಖರ್ಚು ಕಡಿಮೆ, ಆದರೆ ಬ್ರಾಕೆಟ್ ಕೆಳಗೆ ನೇತಾಡಿ ಬಂಡೆಗೆ ಸಿಕ್ಕುತ್ತದೆ. ಎತ್ತರಿಸಿದ್ದೇ ಬಂಡೆ ತಪ್ಪಿಸಲು ಅಲ್ಲವೆ! ಹೆದ್ದಾರಿ ಮತ್ತು ಮಣ್ಣುದಾರಿಯಲ್ಲೇ ಓಡಿಸುವವರಿಗೆ ಮಾತ್ರ ಇದು ಸರಿ ಎಂದು ಬರೆದಿದ್ದೇನೆ. ‘ರೇಡಿಯಸ್ ಆರ್ಮ್’ನಲ್ಲಿ ಮೇಲಿನ ಆರ್ಮ್ ಚಾಸಿಗೆ ಹೋಗದೆ ಕೆಳಗಿನದಕ್ಕೇ ಸೇರಿಕೊಳ್ಳುತ್ತದೆ. ಜೋಡಿಸಲು ಸುಲಭ, ಆದರೆ ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ ಹೋದಾಗ ಎರಡು ಬದಿಯ ಆರ್ಮ್‌ಗಳೂ ಸೇರಿ ಅಚ್ಚನ್ನು ತಿರುಚಲು ನೋಡುತ್ತವೆ, ಆರ್ಮ್‌ನ ತುದಿಯಲ್ಲಿ ಕೂರುವ ರಬ್ಬರಿನ ಬುಷ್‌ಗಳು ಒದ್ದಾಡುತ್ತವೆ. ಮೇಲೆ ಒಂದೇ ಆರ್ಮ್ ಇರುವ ‘ಥ್ರೀ ಲಿಂಕ್’ನಲ್ಲಿ ಈ ತಿರುಚು ಇಲ್ಲ. ಬದಲಿಗೆ ಆ ಒಂದೇ ಆರ್ಮ್ ಮತ್ತು ಅದರ ಬ್ರಾಕೆಟ್ ಭಾರೀ ಗಟ್ಟಿಯಾಗಿರಬೇಕು. ‘ಮೂರು ಕೊಂಡಿ’, ‘ನಾಲ್ಕು ಕೊಂಡಿ’ ಎನ್ನುವುದು ನನಗೆ ಸರಿಕಂಡಿತು.

‘ಲಾಂಗ್ ಆರ್ಮ್’ ಬೇರೆ, ‘ಲಾಂಗ್ ಟ್ರಾವೆಲ್’ ಬೇರೆ. ಎರಡನೆಯದು ಚಕ್ರದ ಒಟ್ಟು ಏರಿಳಿತದ ಮಾತು, ಹೆಚ್ಚಾಗಿ ಮರಳುಗಾಡಿನಲ್ಲಿ ವೇಗವಾಗಿ ಓಡುವ ಗಾಡಿಗಳದು. ಕನ್ನಡದಲ್ಲಿ ಎರಡಕ್ಕೂ ‘ಉದ್ದ’ ಹಾಕಿದರೆ ಅವು ಕಲಸಿಹೋಗುತ್ತವೆ. ಇದಕ್ಕೆ ‘ಹೆಚ್ಚು ಏರಿಳಿತದ’ ಎಂದೇ ಬಿಡಿಸಿ ಬರೆಯುವುದು ಲೇಸು.

ಕರ್ನಾಟಕದಲ್ಲೂ ಈ ಸಂಚಿಕೆಯನ್ನು ಓದುವವರಿದ್ದಾರೆ. ಅವರಿಗಾಗಿ ಒಂದು ಟಿಪ್ಪಣಿ ಸೇರಿಸಿದ್ದೇನೆ. 2020ರ ಮಹೀಂದ್ರಾ ಥಾರ್‌ನ ಮುಂದಿನ ಚಕ್ರಗಳಿಗೆ ಅಡ್ಡ ಅಚ್ಚಿಲ್ಲ, ಎರಡೂ ಬಿಡಿಬಿಡಿ. ಆದ್ದರಿಂದ ಅಲ್ಲಿ ಈ ಬಗೆಯ ಕಿಟ್‌ನ ಮಾತೇ ಬರುವುದಿಲ್ಲ. ಹಳೆಯ ಮಾರುತಿ ಜಿಪ್ಸಿಗೆ ನಾಲ್ಕೂ ಕಡೆ ಪಟ್ಟಿ ಸ್ಪ್ರಿಂಗ್. ಹೋಲಿಸಬಹುದಾದದ್ದು 2023ರಲ್ಲಿ ಭಾರತಕ್ಕೆ ಬಂದ ಜಿಮ್ನಿ: ಮುಂದೆಯೂ ಹಿಂದೆಯೂ ಗಟ್ಟಿ ಅಚ್ಚು, ಸುರುಳಿ ಸ್ಪ್ರಿಂಗ್. ಆದರೆ ಗಾಡಿಯ ಮಾರ್ಪಾಡಿಗೆ ಮಿತಿ ಹಾಕುವ ಮೋಟಾರು ವಾಹನ ಕಾಯಿದೆಯ 52ನೇ ಕಲಂ ಅಲ್ಲಿದೆ, ಚಾಸಿಗೆ ಬೆಸುಗೆ ಹಾಕುವ ಮುನ್ನ ಅದನ್ನು ಓದಿಕೊಳ್ಳಲಿ.

ಲೇಖನದ ತೀರ್ಮಾನವನ್ನೂ ಹೇಳಿಬಿಡುತ್ತೇನೆ, ಪದಗಳ ಆಯ್ಕೆ ಅದರ ಮೇಲೂ ನಿಂತಿದೆ. 3 ಇಂಚಿನವರೆಗೆ ಎತ್ತರಿಸಿದ ಟಿಜೆಗೆ ಉದ್ದದ ಆರ್ಮ್ ದುಂದುವೆಚ್ಚ. ಉದ್ದ ಹೊಂದಿಸಬಹುದಾದ ಚಿಕ್ಕ ಆರ್ಮ್, ಒಳ್ಳೆಯ ಬುಷ್, ಸರಿಯಾದ ಟ್ರ್ಯಾಕ್ ಬಾರ್ ಸಾಕು. 4 ಇಂಚು ಗಡಿ. ಅದರ ಮೇಲೆ, ಬಂಡೆ ಹತ್ತುವ ಚಟವೂ ಇದ್ದರೆ, ಉದ್ದದ ಆರ್ಮ್ ಬೇಕು, ಅದೂ ರೇಡಿಯಸ್ ಆರ್ಮ್ ಅಲ್ಲ. ಹಲವು ಕಿಟ್‌ಗಳಿಗೆ ಚಾಸಿಯ ಹಳೆಯ ಬ್ರಾಕೆಟ್‌ಗಳನ್ನು ಕತ್ತರಿಸಿ ಹಾಕಬೇಕು, ಮತ್ತೆ ಹಿಂದಿನ ಸ್ಥಿತಿಗೆ ಬರುವುದು ಸುಲಭವಲ್ಲ. ಗಾಡಿಯ ಹೊಟ್ಟೆಯ ನಡುವಿನಿಂದ ಹೊರಡುವ ಉದ್ದದ ಆರ್ಮ್ ಕೂಡ ಬಂಡೆಗೆ ಉಜ್ಜುತ್ತದೆ ಎಂಬುದನ್ನು ಮಾರುವವರು ಮೆಲ್ಲಗೆ ಹೇಳುತ್ತಾರೆ, ನಾನು ಜೋರಾಗಿ ಬರೆದಿದ್ದೇನೆ.

ಕೊನೆಯದಾಗಿ ಎರಡು ಪದ ಬೇಕಾಗಿವೆ. ಚಕ್ರ ಹಳ್ಳದ ಮೇಲೆ ಬಂದಾಗ ಕೆಳಗೆ ಇಳಿಬೀಳುವುದಕ್ಕೆ ‘ಜೋಲು’ ಎಂದು ಬರೆದಿದ್ದೇನೆ. ಜೋಲುಮೋರೆ, ಜೋಲುಕಿವಿ ಇರುವಾಗ ಜೋಲುಚಕ್ರ ಏಕಿರಬಾರದು? ಅಚ್ಚು ಒಂದು ಬದಿ ಮೇಲೆ, ಒಂದು ಬದಿ ಕೆಳಗೆ ಓರೆಯಾಗುವ ‘ಆರ್ಟಿಕ್ಯುಲೇಷನ್’ಗೆ ‘ಓಲಾಟ’ ಎಂದಿಟ್ಟೆ, ಆದರೆ ಓಲಾಟದಲ್ಲಿ ತಾನಾಗಿ ತೂಗಾಡುವ ಛಾಯೆಯಿದೆ. ಇಲ್ಲಿ ಬೇಕಾದದ್ದು ನೆಲ ಹೇಳಿದಂತೆ ಬಾಗುವುದು. ಲಾರಿ, ಟ್ರ್ಯಾಕ್ಟರ್ ರಿಪೇರಿಯವರ ಬಾಯಲ್ಲಿ ಇವೆರಡಕ್ಕೂ ಯಾವ ಮಾತಿದೆ? ಟ್ರ್ಯಾಕ್ಟರಿನ ಮುಂದಿನ ಅಚ್ಚು ನಡುವಿನ ಗೂಟದ ಮೇಲೆ ಹೀಗೆಯೇ ಓರೆಯಾಗುತ್ತದೆ, ಹಾಗಾಗಿ ರೈತರಲ್ಲೇ ಅದಕ್ಕೊಂದು ಹೆಸರಿರಬೇಕು. ನಿಮ್ಮ ಊರಿನಲ್ಲಿ ಕೇಳಿದ್ದರೆ ಊರಿನ ಹೆಸರಿನೊಡನೆ ದಯವಿಟ್ಟು ಬರೆಯಿರಿ.