ನಾಯಿಮರಿಗೆ ಒಂದೇ ಲಸಿಕೆ ಮತ್ತೆ ಮತ್ತೆ ಏಕೆ?

ಪ್ರಶ್ನೆ (ಬಸವನಗುಡಿ):
ನಮಸ್ಕಾರ. ನಮ್ಮ ನಾಯಿಮರಿಗೆ ಈಗ 9 ವಾರ. 7ನೆಯ ವಾರದಲ್ಲಿ ಡಿಸ್ಟೆಂಪರ್, ಪಾರ್ವೊ ಮುಂತಾದ ರೋಗಗಳ ಸಂಯುಕ್ತ ಲಸಿಕೆ ಆಗಿದ್ದರೂ, ಅದನ್ನೇ ಇನ್ನೂ ಎರಡು ಮೂರು ಬಾರಿ ಹಾಕಿಸಬೇಕೆಂದು ವೈದ್ಯರು ಹೇಳಿದ್ದಾರೆ. ಒಮ್ಮೆ ಹಾಕಿಸಿದರೆ ಏಕೆ ಸಾಲದು? ಪಾರ್ಕಿಗೆ ಯಾವಾಗ ಕರೆದೊಯ್ಯಬಹುದು?

ಉತ್ತರ 1 (ಮಲ್ಲೇಶ್ವರ):
ತಾಯಿಯ ಮೊದಲ ಹಾಲಿನಿಂದ ಮರಿಗೆ ಬಂದ ಪ್ರತಿಕಾಯಗಳು ಅದನ್ನು ಕಾಪಾಡುವುದರ ಜೊತೆಗೆ ಲಸಿಕೆಯನ್ನೂ ನಿಷ್ಫಲಗೊಳಿಸಬಲ್ಲವು. ಅವು ಯಾವ ವಾರ ಕುಗ್ಗುತ್ತವೆ ಎಂಬುದು ಮರಿಯಿಂದ ಮರಿಗೆ ಬೇರೆಯಾಗುವುದರಿಂದ, 3–4 ವಾರಗಳಿಗೊಮ್ಮೆ ಲಸಿಕೆ ಕೊಡುತ್ತಾ, ಕೊನೆಯದು 16 ವಾರ ತುಂಬಿದ ಮೇಲೆ ಬೀಳುವಂತೆ ನೋಡಿಕೊಳ್ಳುತ್ತಾರೆ. ಆ ಕೊನೆಯದನ್ನು ದಯವಿಟ್ಟು ಬಿಡಬೇಡಿ.

ಉತ್ತರ 2 (ವಿಜಯನಗರ):
ನಾವು ಬಿಟ್ಟೆವು, ಮರಿಯನ್ನು ಪಾರ್ವೊಗೆ ಕಳೆದುಕೊಂಡೆವು. ಆ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಚಪ್ಪಲಿಗೆ ಅಂಟಿಕೊಂಡು ಮನೆಯೊಳಗೂ ಬರುತ್ತದೆ. ಲಸಿಕೆಗಳು ಮುಗಿದು ಒಂದೆರಡು ವಾರ ಕಳೆಯುವವರೆಗೆ ಪಾರ್ಕಿನ ನೆಲಕ್ಕೆ ಇಳಿಸಬೇಡಿ. ಆದರೆ ಎತ್ತಿಕೊಂಡು ಓಡಾಡಿಸಿ. ಜನರ, ವಾಹನಗಳ ಸದ್ದು ಈ ವಯಸ್ಸಿನಲ್ಲೇ ಅಭ್ಯಾಸವಾಗಬೇಕು.

ಉತ್ತರ 3 (ಹೆಬ್ಬಾಳ):
ರೇಬೀಸ್ ಲಸಿಕೆಯನ್ನು ಸಾಮಾನ್ಯವಾಗಿ 3 ತಿಂಗಳು ತುಂಬಿದ ಮೇಲೆ ಹಾಕುತ್ತಾರೆ. ನಂತರ ವೈದ್ಯರು ಹೇಳಿದಂತೆ ಮುಂದುವರಿಸಬೇಕು. ಲಕ್ಷಣಗಳು ಕಾಣಿಸಿಕೊಂಡರೆ ನಾಯಿಗೂ ಮನುಷ್ಯರಿಗೂ ಅದು ಬಹುತೇಕ ಮಾರಕವೇ. ಇಲಿಯ ಮೂತ್ರದಿಂದ ಹರಡುವ ಲೆಪ್ಟೊಸ್ಪೈರೋಸಿಸ್ ಅನ್ನೂ ಮರೆಯಬೇಡಿ: ಮಳೆಗಾಲದಲ್ಲಿ ನಮ್ಮ ರಸ್ತೆಗಳಲ್ಲಿ ನೀರು ನಿಲ್ಲುವುದನ್ನು ನೀವೂ ಕಂಡಿದ್ದೀರಿ. ಅದರ ಲಸಿಕೆಯನ್ನು ಆರಂಭದಲ್ಲಿ ಎರಡು ಬಾರಿ, ಆಮೇಲೆ ಪ್ರತಿ ವರ್ಷ ಹಾಕಿಸಬೇಕು. ಪ್ರತಿ ಸಲವೂ ಲಸಿಕೆಯ ಹೆಸರಿರುವ ಚೀಟಿಯನ್ನು ಕಾರ್ಡಿನಲ್ಲಿ ಅಂಟಿಸಿಕೊಳ್ಳಿ, ಹಾಕಿಸಿದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ಕುಳಿತಿರಿ. ಮುಖ ಊದಿಕೊಂಡರೆ ಕೂಡಲೇ ತೋರಿಸಬೇಕು.